ಆರ್. ಎಚ್. ಥಾಮಸ್ ಯಾವ ಊರಿನವನು

ಆ ಅಜ್ಜಿ ಬಂದ ದಿನ ನನ್ನ ಇಂಗ್ಲಿಷ್ ಟೈಪ್‌ರೈಟರಿನ ‘ಇ’ ಕೀಲಿ ಸಿಕ್ಕಿಹಾಕಿಕೊಂಡು ಪ್ರಾಣ ತಿನ್ನುತ್ತಿತ್ತು. ಒಮ್ಮೆ ಒತ್ತಿದರೆ ಅಕ್ಷರದ ಕಡ್ಡಿ ಮೇಲೆದ್ದು ಅಲ್ಲೇ ನಿಲ್ಲುವುದು, ಆಮೇಲೆ ಬೆರಳಿನಿಂದ ಕೆಳಕ್ಕೆ ಇಳಿಸಬೇಕು. ಚಿಕ್ಕನಾಯಕನಹಳ್ಳಿ ತಾಲ್ಲೂಕು ಕಚೇರಿಯ ಎದುರಿನ ಜಗಲಿಯಲ್ಲಿ ಕೂತು ಅರ್ಜಿ ಟೈಪು ಮಾಡುವವನಿಗೆ ಅದಕ್ಕಿಂತ ದೊಡ್ಡ ಶನಿ ಬೇರೆ ಬೇಕಿಲ್ಲ. ಜಮೀನಿನ ಪೋಡಿಗೆ, ಪಹಣಿ ತಿದ್ದುಪಡಿಗೆ, ವರ್ಗಾವಣೆಗೆ ಅಂತ ಏಳೆಂಟು ಜನ ಕಾಯುತ್ತಿದ್ದರು. ಅವರನ್ನೆಲ್ಲ ದಾಟಿಕೊಂಡು ತಾಲ್ಲೂಕು ಆಸ್ಪತ್ರೆಯ ನರ್ಸಮ್ಮ ತನ್ನ ತಾಯಿಯ ಕೈಹಿಡಿದು ಬಂದು ನನ್ನ ಮುಂದಿನ ಸ್ಟೂಲಿನ ಮೇಲೆ ಕೂರಿಸಿದಳು.

“ಸ್ವಾಮಿ, ನಮ್ಮವ್ವ ಹಟ ಹಿಡ್ದವ್ಳೆ. ಒಂದು ಕಾಗ್ದ ಬರ್ಕೊಟ್ಬುಡಿ. ಆಮೇಲೆ ಸುಮ್ಕಾಯ್ತಾಳೆ,” ಅಂದಳು.

ಆಗುವುದಿಲ್ಲ ಅನ್ನುವಂತಿರಲಿಲ್ಲ. ನನ್ನ ಹೆಂಡತಿಯ ಎರಡೂ ಹೆರಿಗೆ ಮಾಡಿಸಿದ್ದು ಆ ನರ್ಸಮ್ಮನೇ. ಕಾಗದ ಏರಿಸುತ್ತ ಯಾರಿಗೆ ಅರ್ಜಿ ಅಂತ ಕೇಳಿದೆ.

“ಇಂಗ್ಲೆಂಡ್‌ಗೆ,” ಅಂದಳು ಅಜ್ಜಿ.

“ಇಂಗ್ಲೆಂಡಲ್ಲಿ ಯಾರಿಗಮ್ಮ? ರಾಣಿಗಾ?”

“ಯಾರಿಗಾದ್ರೂ ಹಾಕಪ್ಪ. ನಮ್ಮಪ್ಪಂದು ಯಾವೂರು, ಅವ್ನ ಹೆತ್ತೋರು ಯಾರು, ಕೇಳು. ಇನ್ನೊಂದು ಕೇಳು. ನಾನು ಅವ್ನ ಮಗಳು ಅಂತ ಅವ್ನು ಎಲ್ಲಾದ್ರೂ ಬರ್ದವ್ನಾ? ಬರ್ದಿದ್ರೆ ಸಾಕು. ಬರೀದಿದ್ರೆ ಅದ್ನೂ ಯೋಳ್ಲಿ.”

ಕಾಯುತ್ತಿದ್ದವರು ಕಿವಿ ನಿಮಿರಿಸಿದರು. ನರ್ಸಮ್ಮ ತಲೆ ತಗ್ಗಿಸಿದಳು. ಅಜ್ಜಿಗೆ ಎಪ್ಪತ್ತು ದಾಟಿತ್ತು, ಬೆಕ್ಕಿನ ಕಣ್ಣು. ಊರಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಎದುರಿಗೆ ಆಡದ ವಿಷಯ ಅದು. ಕಂದಿಕೆರೆ ಕಡೆಯ ಗುಡ್ಡದಲ್ಲಿ ಇಂಗ್ಲಿಷರು ಮ್ಯಾಂಗನೀಸ್ ತೆಗೆಯುತ್ತಿದ್ದ ಕಾಲದಲ್ಲಿ ಅವಳ ತಾಯಿ ಮ್ಯಾನೇಜರನ ಬಂಗಲೆಯಲ್ಲಿ ಅಡುಗೆಗಿದ್ದಳು. ಈಕೆ ಹುಟ್ಟಿದ್ದು ಆ ಬಂಗಲೆಯಲ್ಲೇ. ಮೊದಲ ಮಹಾಯುದ್ಧ ಶುರುವಾದ ವರ್ಷ ಗಣಿ ನಿಂತು ಮ್ಯಾನೇಜರ್ ಹೊರಟುಹೋದ. ತಾಯಿ ಬೇಗ ಸತ್ತಳು. ದೊಡ್ಡಮ್ಮ ಸಾಕಿದಳು. ಲಗ್ನಪತ್ರಿಕೆಯಲ್ಲಿ ತಂದೆಯ ಜಾಗಕ್ಕೆ ದೊಡ್ಡಪ್ಪನ ಹೆಸರು ಬಿತ್ತು. ತಾಯಿಯ ತವರಿನವರು ಇವಳಿಗೆ ಹೊಸ್ತಿಲು ತುಳಿಯಗೊಡಲಿಲ್ಲ.

ಅಜ್ಜಿಯ ಹತ್ತಿರ ಇದ್ದದ್ದು ಒಂದೇ ದಾಖಲೆ. ಅಡುಗೆಯವಳನ್ನು ಗೇಟಿನಲ್ಲಿ ಒಳಗೆ ಬಿಡಬೇಕು ಅಂತ ಬರೆದ ಅಂಗೈ ಅಗಲದ ಚೀಟಿ. ಕೆಳಗೆ ಸಹಿ: ಆರ್. ಎಚ್. ಥಾಮಸ್, ಮ್ಯಾನೇಜರ್.

ಇಲ್ಲಿ ನಾನು ಮಾಡಿದ ಕೆಲಸವನ್ನು ಮುಚ್ಚಿಡುವುದಿಲ್ಲ. ಸಹಿ ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಗಿಹೋಯಿತು ಅಂದುಕೊಂಡೆ. ಇಪ್ಪತ್ತು ವರ್ಷದಿಂದ ಹೆಸರು, ತಂದೆಯ ಹೆಸರು, ಊರು ಅಂತಲೇ ಟೈಪು ಮಾಡಿದವನು ನಾನು. ನಮ್ಮಲ್ಲಿ ಟಿ. ಎನ್. ರಾಮಯ್ಯ ಅಂದರೆ ತಿಪಟೂರಿನ ನರಸಿಂಹಯ್ಯನ ಮಗ ರಾಮಯ್ಯ, ಮುಗಿಯಿತು. ಹಾಗಾದರೆ ಇವನು? ‘ಆರ್’ ಇವನ ಊರು. ‘ಎಚ್’ ಇವನ ಅಪ್ಪ. ಥಾಮಸ್ ಇವನು. ಚರ್ಚಿಗೆ ಹೋಗುವವರಲ್ಲಿ ಥಾಮಸ್ ಅಂತ ಹೆಸರಿಡುವುದು ಯಾರಿಗೆ ಗೊತ್ತಿಲ್ಲ!

ಹೈಸ್ಕೂಲಿನ ಲೈಬ್ರರಿಯಲ್ಲಿ ಅಟ್ಲಾಸ್ ತೆಗೆಸಿ ಇಂಗ್ಲೆಂಡಿನ ‘ಆರ್’ ಊರುಗಳನ್ನೆಲ್ಲ ಪಟ್ಟಿ ಮಾಡಿದೆ. ರೆಡಿಂಗ್, ರಗ್ಬಿ, ರಾಚ್‌ಡೇಲ್, ರಾದರಮ್, ರಿಪನ್, ರಾಮ್ಸ್‌ಗೇಟ್. ಒಂದೊಂದು ಊರಿನ ಚರ್ಚಿನ ಪಾದ್ರಿಗೂ ಒಂದೊಂದು ನೀಲಿ ಏರೋಗ್ರಾಮ್. ‘ತಮ್ಮ ಊರಿನ ನಿವಾಸಿ, ಎಚ್ ಅಕ್ಷರದಿಂದ ಹೆಸರು ಆರಂಭವಾಗುವ ಮಹನೀಯರ ಪುತ್ರ, ಥಾಮಸ್ ಎಂಬುವರ ಬಗ್ಗೆ ತಿಳಿಸಬೇಕಾಗಿ ಸವಿನಯ ಪ್ರಾರ್ಥನೆ.’ ಹೋಗಲು ಎರಡು ವಾರ, ಬರಲು ಎರಡು ವಾರ, ನಡುವೆ ಅವರು ಯಾವಾಗ ಮನಸ್ಸು ಮಾಡುತ್ತಾರೋ ಆವಾಗ. ಅಜ್ಜಿ ಪ್ರತಿ ಸೋಮವಾರ ಸಂತೆ ಮುಗಿಸಿಕೊಂಡು ಬಂದು ಸ್ಟೂಲಿನ ಮೇಲೆ ಕೂರುವಳು. “ಬಂತಾ?” ಅನ್ನುವಳು. “ಇಲ್ಲಮ್ಮ,” ಅನ್ನುವೆ. ಒಂದು ತೆಂಗಿನಕಾಯಿ ಇಟ್ಟು ಹೋಗುವಳು. ಬೇಡವೆಂದರೂ ಕೇಳುತ್ತಿರಲಿಲ್ಲ.

ಏಳು ತಿಂಗಳು ಹೀಗೇ ಹೋಯಿತು. ಮೂರು ಕಡೆಯಿಂದ ಉತ್ತರವೇ ಇಲ್ಲ. ಒಬ್ಬ ಪಾದ್ರಿ, ನಮ್ಮ ಊರಲ್ಲಿ ಥಾಮಸ್ ಎಂಬವರು ಪ್ರತಿ ಬೀದಿಯಲ್ಲೂ ಇದ್ದಾರೆ, ಯಾವ ಥಾಮಸ್ ಬೇಕು ಎಂದು ಕೇಳಿದ್ದ. ಇನ್ನೊಬ್ಬ ನನಗಾಗಿ ಪ್ರಾರ್ಥಿಸುವುದಾಗಿ ಬರೆದಿದ್ದ. ಕಚೇರಿಯ ಗುಮಾಸ್ತರು ನನ್ನನ್ನು ಕಂಡರೆ “ಏನ್ರೀ, ಮಾವನ ಮನೆ ಸಿಕ್ತಾ?” ಅಂತ ರೇಗಿಸಲು ಶುರುಮಾಡಿದರು. ನನಗೂ ಸಾಕುಸಾಕಾಗಿತ್ತು.

ಆಗ ರಗ್ಬಿಯಿಂದ ಒಂದು ಕಾಗದ ಬಂತು. ಅಲ್ಲಿನ ಪಾದ್ರಿ ನನ್ನ ಪತ್ರವನ್ನು ಒಬ್ಬ ನಿವೃತ್ತ ಶಾಲಾ ಶಿಕ್ಷಕಿಗೆ ದಾಟಿಸಿದ್ದ. ಆಕೆಗೆ ಹಳೆಯ ಮನೆತನಗಳ ಬೇರು ಹುಡುಕುವುದೇ ಹವ್ಯಾಸವಂತೆ. ಮೇಷ್ಟ್ರಮ್ಮ ಮೇಷ್ಟ್ರಮ್ಮನೇ. ನನ್ನ ಪತ್ರದಲ್ಲಿದ್ದ ತಪ್ಪುಗಳನ್ನು ಒಂದು, ಎರಡು ಅಂತ ಅಂಕಿ ಹಾಕಿ ತಿದ್ದಿದ್ದಳು.

‘ನಮ್ಮಲ್ಲಿ ಊರನ್ನಾಗಲಿ ಅಪ್ಪನನ್ನಾಗಲಿ ಹೆಸರಿನ ಮುಂದೆ ಕಟ್ಟಿಕೊಂಡು ಯಾರೂ ತಿರುಗುವುದಿಲ್ಲ. ಆರ್ ಮತ್ತು ಎಚ್ ಎರಡೂ ಆತನಿಗೆ ಇಟ್ಟ ಹೆಸರುಗಳು. ಥಾಮಸ್ ಅವನ ಮನೆತನದ ಹೆಸರು, ಅವನ ಅಪ್ಪನೂ ಅಜ್ಜನೂ ಥಾಮಸರೇ. ನೀವು ಇಲ್ಲಿಯವರೆಗೆ ಹುಡುಕಿದ ಮನುಷ್ಯ ಹುಟ್ಟಿಯೇ ಇಲ್ಲ.’

ಜಗಲಿಯ ಮೇಲೆ ಕೂತಿದ್ದವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏಳು ತಿಂಗಳು! ಒಂದು ಇಡೀ ದೇಶವನ್ನು ಚಿಕ್ಕನಾಯಕನಹಳ್ಳಿ ಅಂದುಕೊಂಡು ಹುಡುಕಿದ್ದೆ.

ಹೇಗೆ ಶುರುಮಾಡಬೇಕು ಎಂಬುದನ್ನೂ ಆಕೆ ಬರೆದಿದ್ದಳು. ದೂರದ ಊರಿನಿಂದಲ್ಲ, ಬದುಕಿರುವ ಹಿರಿಯರಿಂದ ಶುರುಮಾಡಿ. ಅವರು ಹೇಳಿದ್ದನ್ನು ನಿಮ್ಮ ಬುದ್ಧಿ ಬೆರೆಸದೆ ಬರೆದುಕೊಳ್ಳಿ. ಏನು ತಿನ್ನುತ್ತಿದ್ದ, ಏನು ಹಾಡುತ್ತಿದ್ದ, ಯಾವುದಕ್ಕೆ ಸಿಟ್ಟಾಗುತ್ತಿದ್ದ, ಎಲ್ಲ ಬೇಕು. ಮತ್ತೆ ಒಂದೇ ಕಡೆಯ ದಾಖಲೆಯನ್ನು ನಂಬಬೇಡಿ. ಎರಡು ಕಡೆಯವು ಒಪ್ಪಿದರೆ ಮಾತ್ರ ನಿಜ.

ಮುಂದಿನ ಸೋಮವಾರ ಅಜ್ಜಿಯನ್ನು ಕೂರಿಸಿಕೊಂಡು ನನ್ನ ತಪ್ಪು ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. “ನನ್ನನ್ನೇ ಮೊದ್ಲು ಕೇಳ್ಬೇಕಿತ್ತು ಕಣಪ್ಪ,” ಅಂದಳು, ಅಷ್ಟೇ. ಆರು ವರ್ಷದ ಮಗುವಿಗೆ ನೆನಪಿರುವುದು ಎಷ್ಟು? ಕೆಂಪು ಮೀಸೆ. ಸದಾ ಕೆಮ್ಮು. ಕುದುರೆ ಹತ್ತಲು ಭಯ, ನಡೆದೇ ಗುಡ್ಡ ಹತ್ತುತ್ತಿದ್ದ. ಅದಿರು ತುಂಬಿದ ಗಾಡಿಗಳು ಬಾಣಸಂದ್ರದ ಸ್ಟೇಷನ್ನಿಗೆ ಹೊರಡುವಾಗ ಎತ್ತುಗಳ ಹೆಗಲು ಮುಟ್ಟಿ ನೋಡುತ್ತಿದ್ದ, ಹುಣ್ಣಾಗಿದ್ದರೆ ಗಾಡಿ ನಿಲ್ಲಿಸುತ್ತಿದ್ದ.

“ತಿನ್ನಾಕೆ ಏನು ಕೇಳ್ತಿದ್ದ?”

“ನಮ್ಮವ್ವಂಗೆ ಒಂದು ಮಾಡಾಕೆ ಕಲ್ಸಿದ್ದ. ಕರ್ಜಿಕಾಯಿ ಇರ್ತದಲ್ಲ, ಅಂಗೇ, ಅಂಗೈಯಷ್ಟು ದೊಡ್ದು. ಅಂಚು ಮಡ್ಚಿ ಮಡ್ಚಿ ಒತ್ಬೇಕು. ಒಳಗೆ ಕಾಯಿ ಬೆಲ್ಲ ಅಲ್ಲ, ಮಾಂಸ ಆಲೂಗೆಡ್ಡೆ. ದಪ್ಪ ಅಂಚು ತಿಂತಿರ್ಲಿಲ್ಲ, ಕೈಲಿ ಹಿಡ್ಕಂಡು ತಿಂದು ಅದನ್ನ ಬಿಸಾಕೋನು. ಎಂಥಾ ಪದ್ಧತಿಯೋ ಏನೋ!”

ಇದನ್ನೆಲ್ಲ ಇಂಗ್ಲೆಂಡಿನ ಮೇಷ್ಟ್ರಮ್ಮನಿಗೆ ಟೈಪು ಮಾಡುವಾಗ ನಾಚಿಕೆಯಾಯಿತು. ಅವಳೇ ಕೇಳಿದ್ದರೂ, ಊರು ಹುಡುಕಲು ಕರ್ಜಿಕಾಯಿ ಕಳಿಸುತ್ತಿದ್ದೇನಲ್ಲ ಅಂತ. ಆದರೆ ಒಂದೂವರೆ ತಿಂಗಳಲ್ಲಿ ಬಂದ ಉತ್ತರದ ಮೊದಲ ಸಾಲೇ ಅದರ ಬಗ್ಗೆ. ಅದು ಕಾರ್ನ್‌ವಾಲ್ ಎಂಬ ಸೀಮೆಯ ಗಣಿ ಕೆಲಸಗಾರರ ಬುತ್ತಿಯಂತೆ. ಕೈಯಲ್ಲಿ ಗಣಿಯ ವಿಷದ ಧೂಳು ಇರುತ್ತದೆಂದು ಹಿಡಿದ ಅಂಚನ್ನು ಬಿಸಾಡುವುದು ಅವರ ರೂಢಿಯಂತೆ. ಆ ಸೀಮೆಯಲ್ಲಿ ಥಾಮಸ್ ಮನೆತನಗಳು ಬೇಕಾದಷ್ಟು. ಜಗತ್ತಿನಲ್ಲಿ ಎಲ್ಲಿ ನೆಲ ಅಗೆದರೂ ಅಲ್ಲಿಗೆ ಹೋದವರು ಅವರು. ಮೇಷ್ಟ್ರಮ್ಮ ರೈಲು ಹತ್ತಿ ತಾನೇ ಅಲ್ಲಿಗೆ ಹೋಗುತ್ತೇನೆ ಎಂದು ಬರೆದಿದ್ದಳು. ನನಗೆ ಮೊದಲ ಬಾರಿಗೆ ಕೆಲಸದಲ್ಲಿ ಜೀವ ಬಂದಂತಾಯಿತು. ಅಜ್ಜಿಗೆ ಕೂಗಿ ಹೇಳಿದೆ. “ಕರ್ಜಿಕಾಯಿ ಊರು ತೋರ್ಸ್ತಾ! ಅವ್ವ ಇರ್ಬೇಕಿತ್ತು,” ಅಂತ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆ ಸಂತೋಷ ಎರಡು ತಿಂಗಳೂ ಬಾಳಲಿಲ್ಲ. ಮುಂದಿನ ಪತ್ರ ದಪ್ಪಗಿತ್ತು. ಕ್ಯಾಂಬೋರ್ನ್ ಎಂಬ ಊರಿನಲ್ಲಿ ರಿಚರ್ಡ್ ಹೆನ್ರಿ ಥಾಮಸ್ ಎಂಬವನ ಸಮಾಧಿ ಸಿಕ್ಕಿತ್ತು. ಗಣಿ ಎಂಜಿನಿಯರ್, ಮೈಸೂರು ಸೀಮೆಯಲ್ಲಿದ್ದವನು, ಎದೆಯ ಕಾಯಿಲೆಯಿಂದ ಯುದ್ಧ ಮುಗಿಯುವ ಮೊದಲೇ ಸತ್ತವನು. ಅವನ ಅಣ್ಣನ ಮಗಳು ಇನ್ನೂ ಇದ್ದಳು, ಮುದುಕಿ. ಅವಳ ಮನೆಯ ಬೈಬಲಿನ ಮೊದಲ ಹಾಳೆಯಲ್ಲಿ ಮನೆತನದ ಎಲ್ಲರ ಹೆಸರೂ ಇತ್ತು. ರಿಚರ್ಡನ ಹೆಸರಿನ ಮುಂದೆ: ಅವಿವಾಹಿತ, ಸಂತಾನವಿಲ್ಲ. ಚಿಕ್ಕಪ್ಪನಿಗೆ ಇಂಡಿಯಾದಲ್ಲಿ ಮಗಳಿರುವುದು ಸಾಧ್ಯವೇ ಇಲ್ಲ, ಇನ್ನು ಮುಂದೆ ಪತ್ರ ಬರೆಯಬೇಡಿ ಎಂದು ಆಕೆ ಹೇಳಿದಳಂತೆ. ಮೇಷ್ಟ್ರಮ್ಮ ಕ್ಷಮೆ ಕೇಳಿದ್ದಳು.

ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ನರ್ಸಮ್ಮ ವಾರ್ಡಿನ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡಳು.

“ಓದ್ಬ್ಯಾಡಿ ಸ್ವಾಮಿ. ಕಾಗ್ದ ಬಂದಿಲ್ಲ ಅಂದ್ಬುಡಿ. ಅವ್ಳು ಇನ್ನೆಷ್ಟು ದಿವ್ಸ ಇರ್ತಾಳೆ? ಕಾಯ್ಕೊಂಡಾದ್ರೂ ಇರ್ತಾಳೆ.”

ಅವಳು ಹೇಳಿದ್ದು ಸರಿಯೇ ಇತ್ತು. ಆದರೆ ಅಜ್ಜಿ ಮೊದಲ ದಿನವೇ ಹೇಳಿದ್ದಳು, ಬರೆಯದಿದ್ದರೆ ಅದನ್ನೂ ಹೇಳಲಿ ಅಂತ. ಬಂದ ಕಾಗದವನ್ನು ಬಂದಿಲ್ಲ ಅನ್ನುವುದು ನನ್ನ ಕೈಲಾಗಲಿಲ್ಲ. ಸೋಮವಾರ ಓದಿದೆ. ಅಜ್ಜಿ ಕೊನೆಯವರೆಗೂ ಕೇಳಿದಳು.

“ಸರಿ ಬುಡಪ್ಪ. ಪಾಪ, ನೀನು ಬಾಳ ಆಯಾಸ ಪಟ್ಟೆ,” ಅಂದಳು. ತೆಂಗಿನಕಾಯಿ ಇಟ್ಟು ಹೋದಳು. ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಊಟ ಬಿಟ್ಟು ಮಲಗಿದ್ದಾಳೆ ಅಂತ ಯಾರೋ ಅಂದರು. ನರ್ಸಮ್ಮ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಎರಡು ಕಡೆಯವು ಒಪ್ಪಿದರೆ ಮಾತ್ರ ನಿಜ ಅಂತ ಮೇಷ್ಟ್ರಮ್ಮನೇ ಬರೆದಿದ್ದಳಲ್ಲ. ಅಲ್ಲಿಯ ಬೈಬಲ್ ಒಂದು ಕಡೆಯದು. ಇಲ್ಲಿಯ ಕಡೆ ಏನಿದೆ? ತುಮಕೂರಿಗೆ ಹೋಗಿ ಒಂದು ಹಳೆಯ ಚರ್ಚಿನಲ್ಲಿ ದೀಕ್ಷಾಸ್ನಾನದ ರಿಜಿಸ್ಟರ್ ಕೇಳಿದೆ. ಆ ವರ್ಷಗಳ ಪುಸ್ತಕವನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಗಣಿಯ ಕಡತಗಳೇನಾದವು ಅಂತ ವಿಚಾರಿಸಲು ಕಂದಿಕೆರೆಗೆ ಹೋದೆ. ಬಂಗಲೆಯ ಬಾಗಿಲು ಕಿಟಕಿ ಕೂಡ ಉಳಿದಿರಲಿಲ್ಲ. ಕಾಗದವೆಲ್ಲ ಆಗಿನ ಕಾಲಕ್ಕೇ ಕಡ್ಲೆಕಾಯಿ ಪೊಟ್ಟಣವಾಯಿತು ಅಂದ ಅಲ್ಲಿನ ಒಬ್ಬ ಮುದುಕ.

ಬಸ್ಸಿಗೆ ಕಾಯುತ್ತ ಅರಳಿಕಟ್ಟೆಯ ಮೇಲೆ ಕೂತಿದ್ದೆ. ಕಾಲು ಸೋತಿದ್ದವು. ಎದುರು ಮನೆಯ ಮುಂದೆ ಒಬ್ಬ ಹೆಳವ ಎತ್ತಿನ ಮೇಲೆ ಕೂತು ಗಂಟೆ ಆಡಿಸುತ್ತ ಆ ಮನೆಯವರ ವಂಶ ಹೇಳುತ್ತಿದ್ದ. ಮೂಲಪುರುಷ ಯಾವ ಊರಿಂದ ಎದ್ದು ಬಂದ, ಅವನಿಗೆ ಎಷ್ಟು ಗಂಡುಮಕ್ಕಳು, ಯಾರು ಎಲ್ಲಿ ಮನೆ ಕಟ್ಟಿದರು, ಎಲ್ಲ ಬೀದಿಗೆ ಕೇಳುವಂತೆ. ಸುಗ್ಗಿ ಮುಗಿದ ಮೇಲೆ ಬಂದು, ಹೇಳಿ, ರಾಗಿ ಇಸಿದುಕೊಂಡು ಹೋಗುವ ಜನ. ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ ಅಂತ ಹಣೆ ಚಚ್ಚಿಕೊಂಡೆ. ಬಸ್ಸು ಬಂದರೂ ಹತ್ತಲಿಲ್ಲ.

ಅಜ್ಜಿಯ ತಾಯಿಯ ತವರು ತನ್ನ ಒಕ್ಕಲಲ್ಲ, ತಾನು ವಂಶ ಹೇಳುವ ಮನೆಯಲ್ಲ ಅಂದ ಆ ಹೆಳವ. ಒಬ್ಬನ ಒಕ್ಕಲಿನ ವಂಶ ಇನ್ನೊಬ್ಬ ಹೇಳುವಂತಿಲ್ಲ. ಆ ಮನೆತನದ ಹೆಳವ ಹುಳಿಯಾರಿನ ಕಡೆ ಬೀಡುಬಿಟ್ಟಿದ್ದಾನೆ ಅಂದ. ಮಾರನೆಯ ದಿನ ಟೈಪ್‌ರೈಟರ್ ಮುಚ್ಚಿಟ್ಟು ಹುಳಿಯಾರಿಗೆ ಹೋದೆ. ಊರಾಚೆಯ ಹುಣಸೆ ತೋಪಿನಲ್ಲಿ ಸಿಕ್ಕಿದ, ಐವತ್ತರ ಆಸುಪಾಸಿನವನು, ಎತ್ತಿನ ಮೈ ತಿಕ್ಕುತ್ತಿದ್ದ. ವಿಷಯ ಹೇಳಿದೆ.

“ಹೆಣ್ಮಕ್ಳ ಹೆಸ್ರು ನಾವು ಬರಿಯಾಕಿಲ್ಲ ಸ್ವಾಮಿ. ಹೆಣ್ಣು ಕೊಟ್ಟ ಮನೆ ಪಾಲು,” ಅಂದ.

“ವಂಶ ಬರೆದಿಟ್ಟ ಪುಸ್ತಕ ತೆಗೆದು ಒಂದು ಸಲ ನೋಡಬಾರದೇ?”

“ನಿಮ್ಗೆ ಅಂತ ತೆಗಿಯಂಗಿಲ್ಲ. ಒಕ್ಕಲು ಎದುರಿಗೆ ಕೂತಿರ್ಬೇಕು. ತಂಬಿಗೇಲಿ ನೀರಿಟ್ಟಿರ್ಬೇಕು.”

“ಆ ಒಕ್ಕಲಿನ ಹೆಣ್ಣುಮಗಳು ಕೂತರೆ? ಗಣಿ ಬಂಗಲೆಯಲ್ಲಿ ಹುಟ್ಟಿದವಳು?”

ಎತ್ತು ತಿಕ್ಕುತ್ತಿದ್ದ ಕೈ ನಿಂತಿತು. “ಬಂಗ್ಲೆನಾ? ನಮ್ಮಜ್ಜ ಒಂದು ಮಾತು ಯೋಳ್ತಿದ್ದ. ಆ ಒಕ್ಕಲ ಹೆಣ್ಣು ಅಲ್ಲಿ ಅವ್ಳೆ ಅಂತ ರಾಗಿ ಕೇಳಾಕೆ ಬಂಗ್ಲೆಗೋದ್ನಂತೆ. ಬಿಳೀ ದೊರೆ ‘ಏನಿದು’ ಅಂತ ಎಲ್ಲಾ ಕೇಳಿ, ಬುಕ್ಕು ಕಿತ್ಕಂಡು ತಾನೇ ಏನೋ ಗೀಚಿದ್ನಂತೆ. ಆಮ್ಯಾಕೆ ಒಂದು ಹೋರಿಕರ ಕೊಟ್ಟು ಕಳಿಸಿದ್ನಂತೆ. ಆ ಹಾಳೆ ಐತೆ. ಇಂಗ್ಲೀಸು ನಮಗೆ ಓದಾಕೆ ಬರಾಕಿಲ್ಲ. ತವರು ಮನೆಯೋರು ಆ ಸುದ್ದೀನೇ ಎತ್ಬ್ಯಾಡ ಅಂದ್ರು, ಅದ್ಕೇ ನಾವು ಆ ಹಾಳೆ ತಿರುವಾಕ್ಬುಡ್ತೀವಿ.”

ಈಗಲೇ ತೋರಿಸು ಅಂತ ಕೈಮುಗಿದೆ. ಆಗಲ್ಲ ಅಂದರೆ ಆಗಲ್ಲ ಅಂದ. ಆದರೆ ಬರುತ್ತೇನೆ ಅಂದ. “ಹೋರಿಕರ ಕೊಟ್ಟೋನ ಋಣ ಐತೆ, ಬತ್ತೀನಿ.”

ಅವನು ಬಂದದ್ದು ನಾಲ್ಕು ದಿನ ಬಿಟ್ಟು, ಬೆಳಿಗ್ಗೆ. ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ನರ್ಸಮ್ಮ ಬಿಳಿ ಸೀರೆ ಉಟ್ಟು ಡ್ಯೂಟಿಗೆ ಹೊರಟಿದ್ದಳು. ನನ್ನನ್ನು ನೋಡಿ “ಇನ್ನೂ ಏನ್ ಬಾಕಿ ಐತೆ ಸ್ವಾಮಿ?” ಅಂದಳು. ನಾನು ಹೆಳವನನ್ನು ತೋರಿಸಿದೆ. ಅಜ್ಜಿಗೆ ಏಳುವ ಶಕ್ತಿ ಇರಲಿಲ್ಲ. ಗಂಟೆಯ ಸದ್ದಿಗೆ ಕಣ್ಣುಬಿಟ್ಟು, “ನಮ್ಮನೆಗೆ ಹೆಳವ ಬಂದವ್ನಾ? ನಮ್ಗ್ಯಾರವ್ರೆ ಯೋಳಾಕೆ?” ಅಂದಳು. ಮಗಳು ಎತ್ತಿ ತಂದು ಜಗಲಿಗೆ ಒರಗಿಸಿದಳು, ತಂಬಿಗೆಯಲ್ಲಿ ನೀರು ತಂದಿಟ್ಟಳು. ಅಕ್ಕಪಕ್ಕದವರು ಬಾಗಿಲಿಗೆ ಬಂದರು.

ಹೆಳವ ಕಣ್ಣುಮುಚ್ಚಿ ಶುರುಮಾಡಿದ. ಮೂಲಪುರುಷ, ಅವನ ಮಕ್ಕಳು, ಮೊಮ್ಮಕ್ಕಳು. ಅಜ್ಜಿಯ ತಾಯಿಯ ಅಪ್ಪನ ಹೆಸರು ಬಂತು, ಅವನ ಮೂವರು ಗಂಡುಮಕ್ಕಳ ಹೆಸರು ಬಂತು. ಅಲ್ಲಿಗೆ ನಿಲ್ಲಿಸಿದ. ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆಗೆದು, ಒಂದು ಹಾಳೆ ತಿರುವಿ ನನ್ನ ಮುಂದೆ ಹಿಡಿದ.

ಕಪ್ಪು ಶಾಯಿಯ ಇಂಗ್ಲಿಷ್. ಮೊದಲು ಸಹಿ ನೋಡಿದೆ. ಗೇಟಿನ ಚೀಟಿಯನ್ನು ತರಿಸಿ ಪಕ್ಕಕ್ಕಿಟ್ಟೆ. ಎರಡೂ ಒಂದೇ ಕೈಯವು, ಅನುಮಾನವಿರಲಿಲ್ಲ. ಆಮೇಲೆ ಮೇಲಿನಿಂದ ಓದಿದೆ.

“ಏನಂತ ಬರ್ದವ್ನೆ?” ಅಂದಳು ಅಜ್ಜಿ.

ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. “ನಾನು ರಿಚರ್ಡ್ ಹೆನ್ರಿ ಥಾಮಸ್. ಕಾರ್ನ್‌ವಾಲಿನ ಕ್ಯಾಂಬೋರ್ನ್ ಊರಿನ ವಿಲಿಯಂ ಥಾಮಸನ ಮಗ. ಹೆಣ್ಣುಮಕ್ಕಳ ಹೆಸರನ್ನು ಬರೆಯುವುದಿಲ್ಲ ಎಂದು ಈ ಮನುಷ್ಯ ಹೇಳುತ್ತಿದ್ದಾನೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಗೌರಿ. ಇವಳು ನನ್ನ ಮಗಳು.”

ನರ್ಸಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು. ಅಜ್ಜಿ ಅಳಲಿಲ್ಲ. ಕೈಚಾಚಿ ಹಾಳೆಯನ್ನು ಮುಟ್ಟಿದಳು. ಯಾವುದು ತನ್ನ ಹೆಸರು ಅಂತ ಕೇಳಿದಳು. ಅವಳ ಬೆರಳು ಹಿಡಿದು ಅದರ ಮೇಲಿಟ್ಟೆ. ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ತಲೆಯೆತ್ತಿ, ಬಾಗಿಲುಗಳಲ್ಲಿ ನಿಂತಿದ್ದ ಅಕ್ಕಪಕ್ಕದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

“ಇನ್ನೊಂದ್ಸಲ ಓದಪ್ಪ,” ಅಂದಳು. “ಕೂತ್ಕಂಡು ಓದ್ಬ್ಯಾಡ. ಎದ್ದು ನಿಂತ್ಕಂಡು, ಆ ತುದಿ ಮನೆಗೂ ಕೇಳಂಗೆ ಓದು.”

ನಾನು ಎದ್ದು ನಿಂತು ಓದಿದೆ.